ನಾಲ್ಕು ಬೆರಳು ಬೂದಿ

"ಗುರುಗಳೇ, ಏನೂ ಕೆಲಸ ಮಾಡದವರಿಗೆ ಮಠದಲ್ಲಿ ಜಾಗ ಏಕೆ?"

ನಿಜಗುಣ ಇದನ್ನು ನಿಂತೇ ಕೇಳಿದ. ಕೂರುವಷ್ಟು ತಾಳ್ಮೆ ಅಂದು ಅವನಲ್ಲಿರಲಿಲ್ಲ. ಏಳನೆಯ ವಯಸ್ಸಿಗೆ ಮಠಕ್ಕೆ ಬಂದವನು, ಈಗ ಮೂವತ್ತು ತುಂಬಿ ಮಠದ ಆಡಳಿತ ಕೈಗೆ ತೆಗೆದುಕೊಂಡಿದ್ದ. ಒಂದೇ ತಿಂಗಳಲ್ಲಿ ಬಾವಿಯ ಹೂಳು ತೆಗೆಸಿದ್ದ, ಉಗ್ರಾಣಕ್ಕೆ ಸುಣ್ಣ ಹೊಡೆಸಿದ್ದ, ಪಾಠದ ವೇಳೆಯನ್ನು ಗಂಟೆಗೆ ಸರಿಯಾಗಿ ಕೂರಿಸಿದ್ದ. ನಾಡಿದ್ದು ಹನ್ನೆರಡು ಮಂದಿ ಹೊಸ ವಿದ್ಯಾರ್ಥಿಗಳು ಬರುವವರಿದ್ದರು. ಇಷ್ಟು ಮಂದಿ ಒಟ್ಟಿಗೆ ಹಿಂದೆಂದೂ ಬಂದಿರಲಿಲ್ಲ.

"ಹನ್ನೆರಡು ಮಂದಿ, ಗುರುಗಳೇ! ಅಡುಗೆಮನೆಯ ಪಕ್ಕದ ಮೂರು ಕೋಣೆ ಬಿಡಿಸಿಕೊಂಡರೆ ಎಲ್ಲರಿಗೂ ಜಾಗವಾಗುತ್ತದೆ. ಅಲ್ಲಿ ಮೂವರು ಮುದುಕರಿದ್ದಾರೆ. ಪಾಠ ಹೇಳುವುದಿಲ್ಲ, ಕೇಳುವುದಿಲ್ಲ. ಕಸ ಸಹ ಗುಡಿಸುವುದಿಲ್ಲ. ಊರ ಛತ್ರದವರನ್ನು ಮಾತಾಡಿಸಿದ್ದೇನೆ, ಇಟ್ಟುಕೊಳ್ಳುತ್ತಾರಂತೆ. ನೀವು ಹೂಂ ಎಂದರೆ ಸಾಕು, ನಾಳೆಯೇ ಗಾಡಿ ಕಟ್ಟಿಸುತ್ತೇನೆ."

ಅವನು ಹಾಳೆಯೊಂದನ್ನು ಮುಂದೆ ಹಿಡಿದ. ಅದರಲ್ಲಿ ಮೂರು ಹೆಸರಿದ್ದವು.

ಗುರುಗಳು ಹಾಳೆಯನ್ನು ಕೈಗೆ ತೆಗೆದುಕೊಳ್ಳಲಿಲ್ಲ. "ಕೂತುಕೋ" ಎಂದರು. "ಚಳಿ ಶುರುವಾಗಿದೆ. ಒಂದು ಕುಲುಮೆಯ ಕತೆ ಹೇಳುತ್ತೇನೆ. ಕೇಳಿದ ಮೇಲೂ ನೀನು ಹಾಳೆ ಕೊಟ್ಟರೆ ನಾನು ಹೂಂ ಎನ್ನುತ್ತೇನೆ."

ನಿಜಗುಣ ಕೂತ. ಗುರುಗಳು ಹೇಳತೊಡಗಿದರು.

ಬಯಲುನಾಡಿನ ಒಬ್ಬ ವ್ಯಾಪಾರಿ ಉಣ್ಣೆಯ ವ್ಯಾಪಾರಕ್ಕೆಂದು ಹಿಮದ ಬೆಟ್ಟದ ನಾಡಿಗೆ ಹೋಗಿ ನೆಲೆಸಿದ. ಅಲ್ಲಿ ವರ್ಷದಲ್ಲಿ ಐದು ತಿಂಗಳು ಹಿಮ. ದಾರಿ ಮುಚ್ಚುತ್ತದೆ, ನೀರು ಕಲ್ಲಾಗುತ್ತದೆ. ಅಲ್ಲಿಯ ಮನೆಗಳಲ್ಲಿ ನಮ್ಮಂತೆ ಮೂರು ಕಲ್ಲಿನ ಒಲೆ ಇರುವುದಿಲ್ಲ. ಮನೆಯ ನಟ್ಟನಡುವೆ ಆಳೆತ್ತರದ ಇಟ್ಟಿಗೆಯ ಕುಲುಮೆ ಇರುತ್ತದೆ. ಕಬ್ಬಿಣದ ಬಾಗಿಲು, ಸೂರು ದಾಟುವ ಹೊಗೆಗೂಡು. ಅದರ ಬಿಸಿಯಲ್ಲೇ ಅಡುಗೆ, ಅದರ ಬಿಸಿಯಲ್ಲೇ ನಿದ್ದೆ. ಕುಲುಮೆ ಆರಿದರೆ ಮನೆ ಆರಿದಂತೆ.

ವ್ಯಾಪಾರಿಯ ಮನೆಗೆ ಹತ್ತಿರದ ಮನೆ ಒಬ್ಬ ಕುಂಬಾರಗಿತ್ತಿಯದು. ಮುದುಕಿ. ಆ ಊರಿನ ಅರ್ಧದಷ್ಟು ಕುಲುಮೆಗಳನ್ನು ಕಟ್ಟಿದವಳು ಅವಳೇ. ಅವನ ಕುಲುಮೆಯನ್ನೂ ಅವಳೇ ಕಟ್ಟಿದಳು. ಕಟ್ಟಿ ಮುಗಿಸಿ, ಕೈಯ ಮಣ್ಣು ಒರೆಸಿಕೊಳ್ಳುತ್ತಾ ಮೂರು ಮಾತು ಹೇಳಿದಳು.

"ಒಣಗಿದ ಸೌದೆ ಮಾತ್ರ ಹಾಕು. ಅಮಾವಾಸ್ಯೆಗೊಮ್ಮೆ ಹೊಗೆಗೂಡಿನ ಮಸಿ ಕೆರೆದು ತೆಗೆ. ಬೂದಿಯನ್ನು ಪೂರ್ತಿ ಬಳಿಯಬೇಡ, ತಳದಲ್ಲಿ ನಾಲ್ಕು ಬೆರಳು ಇರಲಿ."

ಮೊದಲ ಎರಡು ಮಾತನ್ನು ಅವನು ಚಾಚೂ ತಪ್ಪದೆ ಪಾಲಿಸಿದ. ಮೂರನೆಯದನ್ನು ಅಲ್ಲಿಯೇ ಬಿಟ್ಟ.

ಏಕೆ ಬಿಟ್ಟ? ಅವನ ತಾಯಿ ದಿನವೂ ಬೆಳಗ್ಗೆ ಒಲೆಯ ಬೂದಿಯನ್ನು ಕೊನೆಯ ಚಿಟಿಕೆಯವರೆಗೆ ತೆಗೆದು, ಸಗಣಿಯಲ್ಲಿ ಸಾರಿಸಿ, ರಂಗೋಲಿಯ ಎಳೆ ಎಳೆದು, ಆಮೇಲೆ ಬೆಂಕಿ ಹಾಕುತ್ತಿದ್ದಳು. ನೀನೂ ನೋಡಿದ್ದೀಯ, ನಮ್ಮ ತಾಯಂದಿರೂ ಹಾಗೆಯೇ ಮಾಡುತ್ತಾರೆ. ನಿನ್ನೆಯ ಬೂದಿಯ ಮೇಲೆ ಇಂದಿನ ಬೆಂಕಿ ಹೊತ್ತಿಸುವವಳನ್ನು ಬಯಲುನಾಡಿನಲ್ಲಿ ಯಾರೂ ಗೃಹಿಣಿ ಎನ್ನುವುದಿಲ್ಲ. ಅವನು ತನ್ನ ತಾಯಿಯ ಮಗ. ಬೆಟ್ಟದ ಜನಕ್ಕೆ ಶುಚಿ ಕಲಿಸುವವರು ಯಾರೂ ಸಿಕ್ಕಿಲ್ಲ ಎಂದುಕೊಂಡ.

ಹಾಗಾಗಿ ದಿನವೂ ಬೆಳಗ್ಗೆ ಕುಲುಮೆಯ ತಳವನ್ನು ಇಟ್ಟಿಗೆ ಕಾಣುವವರೆಗೆ ಬಳಿದ, ಒದ್ದೆ ಬಟ್ಟೆಯಲ್ಲಿ ಒರೆಸಿದ. ಬಾಗಿಲಿನ ಮುಂದೆ ಸುಣ್ಣದ ಎಳೆ ಎಳೆದ. ಊರವರು ನೋಡಲು ಬಂದರು.

"ಇದೇನು ಮಾರಾಯ, ಇದರೊಳಗೆ ಎಲೆ ಹಾಸಿ ಊಟಕ್ಕೆ ಕೂರಬಹುದಲ್ಲ!" ಎಂದ ಒಬ್ಬ.

"ಕೂರಬಹುದು" ಎಂದ ವ್ಯಾಪಾರಿ. "ನಿಮ್ಮ ಕುಲುಮೆಯೊಳಗೆ ನಾಯಿ ಸಹ ಕೂರುವುದಿಲ್ಲ."

ಕುಲುಮೆ ಧಗಧಗನೆ ಉರಿಯಿತು. ಆದರೆ ಒಂದು ತೊಂದರೆ ಇತ್ತು. ಬೆಳಗಾಗುವಷ್ಟರಲ್ಲಿ ಆರಿರುತ್ತಿತ್ತು. ಅವನು ದಿನವೂ ಚಕಮಕಿ ಕಲ್ಲು ತಿಕ್ಕಿ ಹೊಸದಾಗಿ ಹೊತ್ತಿಸಬೇಕಾಗಿತ್ತು. ತಣ್ಣಗಾದ ಕುಲುಮೆಯನ್ನು ಮತ್ತೆ ಬಿಸಿ ಮಾಡುವುದಕ್ಕೆ ಒಂದು ಹೊರೆ ಸೌದೆ ಬೇಕು. ಐದು ತಿಂಗಳಿಗೆಂದು ಒಟ್ಟಿದ್ದ ಸೌದೆ ಎರಡೇ ತಿಂಗಳಲ್ಲಿ ಅರ್ಧವಾಯಿತು. ಅವನು ಸೌದೆ ಬದಲಿಸಿದ. ಬಾಗಿಲಿನ ಸಂದಿಗೆ ಮಣ್ಣು ಮೆತ್ತಿದ. ಹೊಗೆಗೂಡನ್ನು ಅಮಾವಾಸ್ಯೆಗೊಮ್ಮೆ ಅಲ್ಲ, ವಾರಕ್ಕೊಮ್ಮೆ ಕೆರೆದ. ಇಷ್ಟಾದ ಮೇಲೂ ಆರಿದರೆ ತನ್ನ ಶುಚಿಯಲ್ಲೇ ಕೊರತೆ ಇರಬೇಕೆಂದು ತಳವನ್ನು ಇನ್ನಷ್ಟು ಉಜ್ಜಿದ. ಉಜ್ಜಿದಷ್ಟೂ ಬೇಗ ಆರಿತು.

ಬೇರೆಯವರ ಮನೆಯಿಂದ ಕೆಂಡ ತರಬಹುದಿತ್ತು. ಅವನು ತರಲಿಲ್ಲ. ಅದಕ್ಕೂ ಕಾರಣವಿತ್ತು. ಆ ಊರಿನಲ್ಲಿ ಒಂದು ಪದ್ಧತಿ. ಕೆಂಡ ಕೇಳಲು ಹೋದವನು ಸುಮ್ಮನೆ ಈಸಿಕೊಂಡು ಬರುವಂತಿಲ್ಲ. ಕೊಡುವ ಮನೆಯಲ್ಲಿ ಒಂದು ಗಿಡ್ಡ ಮಣೆ ಇರುತ್ತದೆ, ಅದರ ಮೇಲೆ ಕೂರಬೇಕು. ಒಂದು ಬಟ್ಟಲು ಗಂಜಿ ಕೊಡುತ್ತಾರೆ, ಕುಡಿಯಬೇಕು. ಕುಡಿಯುತ್ತಿರುವಾಗ ಮನೆಯ ಹಿರಿಯರು ಅವನ ಬೆಂಕಿ ಏಕೆ ಆರಿತು ಎಂದು ಬೈಯುತ್ತಾರೆ. ಪ್ರತಿ ಬೈಗುಳಕ್ಕೂ ಅವನು "ಹೌದು" ಎನ್ನಬೇಕು. ಗಂಜಿ ಮುಗಿಯಬೇಕು, ಬೈಗುಳವೂ ಮುಗಿಯಬೇಕು, ಆಮೇಲೆ ಕೆಂಡ.

"ಶುಚಿ ಇಲ್ಲದವರಿಂದ ಶುಚಿಯ ಪಾಠ ಕೇಳಲೇ?" ಎಂದ ವ್ಯಾಪಾರಿ. "ಈ ಜನ್ಮದಲ್ಲಿ ಆ ಮಣೆಯ ಮೇಲೆ ಕೂರುವುದಿಲ್ಲ."

ಈಗ ಮುಖ್ಯ ಸಂಗತಿ ಕೇಳು. ಅವನ ಹೆಂಡತಿ ಬಸುರಿ. ಚೊಚ್ಚಲು. ದಿನ ತುಂಬಿತ್ತು. ಸೂಲಗಿತ್ತಿ ನಾಲ್ಕು ದಿನ ಮೊದಲೇ ಬಂದು ಮನೆಯಲ್ಲಿ ಉಳಿದಿದ್ದಳು. ಬಂದವಳು ಒಂದೇ ಮಾತು ಹೇಳಿದ್ದಳು: "ನೀರು ಕಾಯಿಸುವುದು, ಬಟ್ಟೆ ಮಡಚುವುದು ಎಲ್ಲಾ ನನ್ನ ಕೆಲಸ. ನಿನ್ನದು ಒಂದೇ ಕೆಲಸ. ಮನೆ ಬೆಚ್ಚಗಿರಬೇಕು. ಕೂಸು ಚಳಿಗೆ ಬಿದ್ದರೆ ನಾನು ಏನೂ ಮಾಡಲಾರೆ."

ಮೂರು ದಿನ ಬಿಡದೆ ಹಿಮ ಸುರಿಯಿತು. ನಾಲ್ಕನೆಯ ಬೆಳಗ್ಗೆ ನಿಂತಿತು. ಸೂರ್ಯ ಬಂದ, ಬೆಟ್ಟವೆಲ್ಲ ಬೆಳ್ಳಗೆ ಹೊಳೆಯಿತು. ವ್ಯಾಪಾರಿ ಎದ್ದು ಕುಲುಮೆಯ ಬಾಗಿಲು ತೆಗೆದ. ಎಂದಿನಂತೆ ಆರಿತ್ತು. ಎಂದಿನಂತೆ ಬಳಿದ, ಒರೆಸಿದ, ಸುಣ್ಣದ ಎಳೆ ಎಳೆದ. ಅಷ್ಟರಲ್ಲಿ ಒಳಗಿನಿಂದ ಹೆಂಡತಿ ಕೂಗಿದಳು. ನೋವು ಶುರುವಾಗಿತ್ತು.

ಅವನು ಚಕಮಕಿ ತಿಕ್ಕಿದ. ಕಿಡಿ ಹಾರಿತು, ಹತ್ತಿ ಹಿಡಿಯಲಿಲ್ಲ. ಮೂರು ದಿನದ ತೇವಕ್ಕೆ ಹತ್ತಿ ನೆನೆದಿತ್ತು. ಮತ್ತೆ ತಿಕ್ಕಿದ. ಮತ್ತೆ. ಬೆರಳ ಚರ್ಮ ಸುಲಿಯಿತು, ಬೆಂಕಿ ಬರಲಿಲ್ಲ.

"ಬೆಂಕಿ ಎಲ್ಲಯ್ಯಾ?" ಸೂಲಗಿತ್ತಿ ಕೂಗಿದಳು.

"ಬಂತು!" ಎಂದ.

"ಬಂತು ಬಂತು ಎಂದರೆ ನೀರು ಕಾಯುತ್ತದೆಯೇ? ನಿನ್ನ ಕೂಸು ನಿನಗಿಂತ ಚುರುಕು, ಹೊರಟೇ ಬಿಟ್ಟಿದೆ. ಓಡು!"

ಅವನು ತಾಮ್ರದ ಚೆಂಬು ಎತ್ತಿಕೊಂಡು ಓಡಿದ. ಬೆಳಗ್ಗೆ ತಿಕ್ಕಿ ತೊಳೆದಿಟ್ಟ ಚೆಂಬು, ಮುಖ ಕಾಣುವಷ್ಟು ಹೊಳೆಯುತ್ತಿತ್ತು. ಕುಂಬಾರಗಿತ್ತಿಯ ಮನೆ ಕೂಗಿದರೆ ಕೇಳುವಷ್ಟು ದೂರ. ಆದರೆ ಸೊಂಟದವರೆಗೆ ಹಿಮ. ತುಳಿದುಕೊಂಡು ಹೋಗಲು ಅರ್ಧ ಗಂಟೆ ಹಿಡಿಯಿತು. ಬಾಗಿಲು ಬಡಿದ. ಮುದುಕಿ ತೆಗೆದಳು. ಅವಳ ಹಿಂದೆ ಗಿಡ್ಡ ಮಣೆ ಕಾಣಿಸಿತು.

"ಅಂತೂ ಬಂದೆಯಾ ಬಯಲಿನವನೇ? ಕೂತುಕೋ. ಗಂಜಿ ಬಿಸಿಯಾಗಿದೆ."

"ಕೂರುವುದಿಲ್ಲ. ಹೆಂಡತಿಗೆ ಹೆರಿಗೆ ನೋವು. ಕೆಂಡ ಕೊಡಿ."

ಅವಳು ಒಳಗೆ ತಿರುಗಿದಳು. ಇಕ್ಕುಳದಿಂದ ಏಳು ಕೆಂಡ ಆರಿಸಿ ತಂದಳು. ಒಂದೊಂದೂ ನಿಂಬೆಹಣ್ಣಿನ ಗಾತ್ರ, ಕಣ್ಣು ಕುಕ್ಕುವ ಕೆಂಪು.

"ಚೆಂಬಿಗೆ ಮೊದಲು ಒಂದು ಹಿಡಿ ಬೂದಿ ಹಾಕುತ್ತೇನೆ" ಎಂದಳು.

"ಬೂದಿ ನನಗೆ ಬೇಡ ಅಜ್ಜೀ. ಕೆಂಡ ಸಾಕು."

"ಮೇಲಾದರೂ ಒಂದು ಹಿಡಿ..."

"ಬೇಡ ಎಂದೆನಲ್ಲ! ಕೆಂಡ ಹಾಕಿ!"

ಅವಳು ಹಾಕಿದಳು. ಅವನು ಓಡಿದ. ಬಂದ ದಾರಿಯಲ್ಲಿ ತನ್ನದೇ ಹೆಜ್ಜೆಯ ಗುಣಿಗಳಿದ್ದವು, ಅವುಗಳಲ್ಲೇ ಕಾಲಿಟ್ಟು ಓಡಿದ. ಗಾಳಿ ಬೀಸಿದಾಗ ಕೆಂಡ ಇನ್ನಷ್ಟು ಕೆಂಪಾಯಿತು. ಅವನಿಗೆ ಧೈರ್ಯ ಬಂತು. ಕೆಂಡ ಹಾಗೆ ಕೆಂಪಾಗುವುದು ಬೇಗ ಸಾಯುವುದಕ್ಕೆ ಎಂದು ಅವನಿಗೆ ತಿಳಿದಿರಲಿಲ್ಲ. ಹತ್ತು ಹೆಜ್ಜೆಗೆ ಒಂದು ಕಪ್ಪಾಯಿತು. ಇನ್ನೂ ಆರು ಇವೆ ಎಂದುಕೊಂಡ. ತಣ್ಣನೆಯ ತಾಮ್ರಕ್ಕೆ ತಾಗಿದ ಎರಡು ಚುಂಯ್ ಎಂದು ಆರಿದವು. ಇನ್ನು ನಾಲ್ಕಿವೆ. ಚೆಂಬನ್ನು ಎದೆಗೆ ಒತ್ತಿಕೊಂಡ. ಮೂರು. ಬಾಯಿಂದ ಊದಿದ. ಎರಡು. ಮನೆಯ ಸೂರು ಕಾಣಿಸಿತು, ಹೆಂಡತಿಯ ಕೂಗು ಕೇಳಿಸಿತು. ಒಂದು. ಹೊಸ್ತಿಲ ಮೇಲೆ ಕಾಲಿಟ್ಟಾಗ ಚೆಂಬಿನಲ್ಲಿ ಏಳು ಇದ್ದಿಲ ಚೂರುಗಳಿದ್ದವು.

ನಿಜಗುಣ ತಡೆಯಲಾರದೆ ನಡುವೆ ಬಾಯಿ ಹಾಕಿದ. "ಮತ್ತೆ ಓಡಿದನೇ, ಗುರುಗಳೇ? ಅಷ್ಟು ಹೊತ್ತು ಇತ್ತೇ?"

"ಹೊತ್ತು ಇದೆಯೋ ಇಲ್ಲವೋ ಎಂದು ನೋಡುತ್ತಾ ನಿಂತಿದ್ದರೆ ಅವನು ಓಡುತ್ತಿರಲಿಲ್ಲ" ಎಂದರು ಗುರುಗಳು. "ಕೇಳು."

ಅವನು ಒಳಗೆ ಕಾಲಿಡಲೇ ಇಲ್ಲ. ಹೊಸ್ತಿಲಿನಿಂದಲೇ ತಿರುಗಿದ. ಈ ಸಲ ದಾರಿ ತುಳಿದಾಗಿತ್ತು, ಬೇಗ ತಲುಪಿದ. ಮುದುಕಿ ಬಾಗಿಲು ಹಾಕಿರಲಿಲ್ಲ. ಅವನು ಬರುತ್ತಾನೆಂದು ಅವಳಿಗೆ ಗೊತ್ತಿತ್ತು. ಒಳಗೆ ಬಂದವನೇ ಅವನು ಆ ಗಿಡ್ಡ ಮಣೆಯ ಮೇಲೆ ಕೂತ. ಯಾರೂ ಹೇಳಿರಲಿಲ್ಲ, ತಾನಾಗಿ ಕೂತ. ಎರಡೂ ಕೈ ಚಾಚಿದ.

"ಬೈಯಿರಿ, ಅಜ್ಜೀ. ಬೇಗ ಬೈಯಿರಿ. ಎಲ್ಲದಕ್ಕೂ ಹೌದು."

"ಏಳೋ ಮೂರ್ಖಾ!" ಮುದುಕಿ ಅವನ ರಟ್ಟೆ ಹಿಡಿದು ಎಬ್ಬಿಸಿದಳು. "ಈಗ ಕೂರುವ ಹೊತ್ತೇ? ಬೈಗುಳವೇನು ಹಳಸುತ್ತದೆಯೇ? ಕೂಸು ಬಂದ ಮೇಲೆ ನಾನೇ ನಿನ್ನ ಮನೆಗೆ ಬಂದು ಬೈಯುತ್ತೇನೆ."

ಅವಳು ಮಣ್ಣಿನ ಮಡಕೆ ತೆಗೆದುಕೊಂಡಳು. ಅದರಲ್ಲಿ ಅರ್ಧದಷ್ಟು ಬೂದಿ ಸುರಿದಳು. ನಡುವೆ ಗುಣಿ ಮಾಡಿ ಏಳು ಕೆಂಡ ಇಟ್ಟಳು. ಅದರ ಮೇಲೆ ಮತ್ತೆ ಬೂದಿ ಸುರಿದು ಅಂಗೈಯಿಂದ ಮೆಲ್ಲಗೆ ಒತ್ತಿದಳು. ಕೆಂಪು ಕಾಣದಂತಾಯಿತು. ನೋಡಿದರೆ ಬರೀ ಬೂದಿಯ ಮಡಕೆ.

"ದಾರಿಯಲ್ಲಿ ಕೆದಕಿ ನೋಡಬೇಡ" ಎಂದಳು. "ಊದಬೇಡ. ಇದೆ ಎಂದು ನಂಬಿಕೊಂಡು ಹೋಗು."

ಅವನಿಗೆ ನಂಬಿಕೆ ಬರಲಿಲ್ಲ. ಆದರೂ ಕೆದಕಲಿಲ್ಲ. ಇಡೀ ದಾರಿ ತಾನು ಜೀವಮಾನವೆಲ್ಲ ಎಸೆದಿದ್ದನ್ನೇ ತಬ್ಬಿಕೊಂಡು ಓಡಿದ. ಮನೆಯೊಳಗೆ ನುಗ್ಗಿದಾಗ ಸೂಲಗಿತ್ತಿ ಮಡಕೆಯೊಳಗೆ ಇಣುಕಿದಳು.

"ಅಯ್ಯೋ ಮಹಾರಾಯ! ಬೆಂಕಿ ತಾ ಎಂದರೆ ಬೂದಿ ತಂದೆಯಾ? ತೊಳೆದಿಟ್ಟ ಕುಲುಮೆ ಹಾಳಾದೀತು ನೋಡು!"

ಅವನು ಮಡಕೆಯನ್ನು ಕುಲುಮೆಯ ತಳಕ್ಕೆ ಬೋರಲು ಹಾಕಿದ. ಬಿಳಿ ಇಟ್ಟಿಗೆಯ ಮೇಲೆ ಬೂದಿಯ ಗುಡ್ಡೆ ಬಿತ್ತು. ಮಂಡಿಯೂರಿ ಬಗ್ಗಿ ಮೆಲ್ಲಗೆ ಊದಿದ. ಬೂದಿ ಎದ್ದು ಮೀಸೆಗೆ ಹತ್ತಿತು, ಹುಬ್ಬಿಗೆ ಹತ್ತಿತು. ಮತ್ತೆ ಊದಿದ. ಬೂದಿ ಸರಿಯಿತು. ಒಂದು ಕೆಂಪು ಕಣ್ಣು ಬಿಟ್ಟಿತು. ಪಕ್ಕದಲ್ಲಿ ಇನ್ನೊಂದು. ಐದು, ಆರು, ಏಳು! ಏಳೂ ಇದ್ದವು! ಒಂದೂ ಸತ್ತಿರಲಿಲ್ಲ! ಹುಲ್ಲು ಇಟ್ಟ, ಭಗ್ಗೆಂದಿತು. ಚಕ್ಕೆ ಇಟ್ಟ, ಹಿಡಿಯಿತು. ಸೌದೆ ಇಟ್ಟ. ಹೊಗೆಗೂಡು ಗುಯ್ಗುಟ್ಟಿತು. ಇಟ್ಟಿಗೆ ಬಿಸಿಯಾಯಿತು, ನೀರು ಕುದಿಯಿತು, ಕಿಟಕಿಯ ಮಂಜು ಕರಗಿ ಇಳಿಯಿತು.

ಸೂರ್ಯ ನೆತ್ತಿಗೆ ಬರುವ ಹೊತ್ತಿಗೆ ಹೆಣ್ಣುಮಗು ಹುಟ್ಟಿತು. ಸೂಲಗಿತ್ತಿ ಅದನ್ನು ಬೆಚ್ಚನೆಯ ಬಟ್ಟೆಯಲ್ಲಿ ಸುತ್ತಿ ಅವನ ಕೈಗೆ ಕೊಟ್ಟು ಅವನ ಮುಖ ನೋಡಿ ನಕ್ಕಳು.

"ಮಗಳು ಬೆಳ್ಳಗಿದ್ದಾಳೆ. ಅಪ್ಪನೇ ಬೂದಿಬಡಕ."

ಅಂದು ಮಲಗುವ ಮೊದಲು ಅವನು ಕುಲುಮೆಯನ್ನು ಬಳಿಯಲಿಲ್ಲ. ಕೆಂಡವನ್ನೆಲ್ಲ ಒಟ್ಟುಗೂಡಿಸಿ ಮೇಲೆ ಬೂದಿ ಎಳೆದು ಬಾಗಿಲು ಮುಚ್ಚಿದ. ಬೆಳಗ್ಗೆ ಎದ್ದು ತೆಗೆದು ನೋಡಿದರೆ ಬರೀ ಬೂದಿ. ಕಬ್ಬಿಣದ ಕೋಲಿನಿಂದ ಬೂದಿಯನ್ನು ಪಕ್ಕಕ್ಕೆ ಸರಿಸಿದ. ಒಳಗೆ ನಿನ್ನೆಯ ಬೆಂಕಿ ಹಾಗೆಯೇ ಇತ್ತು. ಕೆಂಪಾಗಿ, ಬಿಸಿಯಾಗಿ, ತನಗಾಗಿ ಕಾದು ಕೂತಂತೆ.

"ಇದೆ!" ಎಂದು ಅವನು ಕೂಗಿದ ಕೂಗಿಗೆ ಸೂರಿನ ಹಿಮ ಉದುರಿತು. "ಇದೆ ಕಣೇ! ಆರಿಲ್ಲ! ಬಂದು ನೋಡೇ!"

"ಮೆಲ್ಲಗೆ ಕೂಗಿ, ಮಗು ಎದ್ದೀತು" ಎಂದಳು ಹೆಂಡತಿ.

"ಏಳಲಿ! ಅವಳೂ ನೋಡಲಿ!"

ಆ ದಿನದಿಂದ ಹಿಮ ಕರಗುವವರೆಗೆ ಆ ಕುಲುಮೆ ಆರಲಿಲ್ಲ. ಉಳಿದರ್ಧ ಸೌದೆಯೇ ಮೂರು ತಿಂಗಳಿಗೆ ಸಾಕಾಯಿತು.

ಮೂರನೆಯ ದಿನ ಕುಂಬಾರಗಿತ್ತಿ ಬಂದಳು. ಮಣೆಯನ್ನು ಕಂಕುಳಲ್ಲಿ ಹಿಡಿದು, ಗಂಜಿಯ ಗಡಿಗೆಯನ್ನೂ ಹೊತ್ತುಕೊಂಡೇ ಬಂದಿದ್ದಳು. ಅವನನ್ನು ಅವನ ಮನೆಯಲ್ಲೇ ಮಣೆಯ ಮೇಲೆ ಕೂರಿಸಿ ಗಂಜಿ ಕೊಟ್ಟು ಬೈದಳು. ಅವನು ಕುಡಿದ. ಪ್ರತಿಯೊಂದಕ್ಕೂ "ಹೌದು" ಎಂದ. ಬಟ್ಟಲು ಬರಿದಾದ ಮೇಲೆ ಕೇಳಿದ.

"ಒಂದು ಮಾತು ಅಜ್ಜೀ. ಬೂದಿ ಉರಿಯುವುದಿಲ್ಲ. ಬಿಸಿ ಕೊಡುವುದಿಲ್ಲ. ಅದರಿಂದ ಏನೂ ಕೆಲಸವಿಲ್ಲ. ಹಾಗಿದ್ದರೆ ಇದು ಹೇಗಾಯಿತು?"

"ಸೌದೆಯ ಪಕ್ಕದಲ್ಲಿ ಕೆಂಡ ಇಟ್ಟರೆ ಸೌದೆ ಅದನ್ನು ತಿನ್ನುತ್ತದೆ" ಎಂದಳು ಮುದುಕಿ. "ಅದಕ್ಕೆ ಉರಿಯುವ ಆತುರ. ಗಾಳಿಗೆ ಇಟ್ಟರೆ ಗಾಳಿ ತಿನ್ನುತ್ತದೆ. ಬೂದಿ ತಾನು ಉರಿಯುವಷ್ಟು ಉರಿದು ಮುಗಿಸಿದೆ, ತಮ್ಮಾ. ಇನ್ನು ಅದಕ್ಕೆ ಏನೂ ಬೇಡ. ಏನೂ ಬೇಡದವರ ಮಡಿಲಲ್ಲಿ ಮಾತ್ರ ಕೆಂಡ ಬೆಳಗಿನವರೆಗೆ ಬದುಕಿರುತ್ತದೆ."

"ಹಾಗಾದರೆ ಇನ್ನು ಮುಂದೆ ಒಂದು ಚಿಟಿಕೆಯನ್ನೂ ಎಸೆಯುವುದಿಲ್ಲ."

"ನಿನ್ನದು ಎಲ್ಲವೂ ಅತಿ" ಎಂದು ಬೈದಳು ಅವಳು. "ಮೊಣಕೈವರೆಗೆ ತುಂಬಿದರೆ ಉಸಿರು ಕಟ್ಟುತ್ತದೆ. ನಾನು ಎಷ್ಟು ಹೇಳಿದ್ದೆ?"

"ನಾಲ್ಕು ಬೆರಳು."

"ನಾಲ್ಕು ಬೆರಳು" ಎಂದು ಹೇಳಿ, ಮಣೆಯನ್ನು ಕಂಕುಳಲ್ಲಿ ಇಟ್ಟುಕೊಂಡು ಹೊರಟು ಹೋದಳು.

ಗುರುಗಳು ಕತೆ ನಿಲ್ಲಿಸಿದರು. ಅಡುಗೆಮನೆಯ ಪಕ್ಕದ ಕೋಣೆಯಿಂದ ಯಾರೋ ಮುದುಕರು ಕೆಮ್ಮಿದ್ದು ಕೇಳಿಸಿತು.

ನಿಜಗುಣನ ಮುಖ ಅರಳಿತ್ತು. ಅವನು ಎದ್ದೇ ನಿಂತ.

"ಎಂಥ ಕತೆ, ಗುರುಗಳೇ! ಏಳೂ ಇದ್ದವು ಎಂದಿರಲ್ಲ, ನನ್ನ ಎದೆ ಹೊಡೆದುಕೊಂಡಿತು. ನಮ್ಮ ದಾಸೋಹದ ಒಲೆಯನ್ನೂ ದಿನಾ ಪೂರ್ತಿ ಬಳಿಸುತ್ತಿದ್ದೇನೆ. ಎಷ್ಟು ಸೌದೆ ಹಾಳಾಗಿದೆಯೋ! ನಾಳೆಯಿಂದಲೇ ನಾಲ್ಕು ಬೆರಳು ಬಿಡಿಸುತ್ತೇನೆ. ಅಡುಗೆಯವರಿಗೆ ಅಳತೆಯ ಕೋಲು ಮಾಡಿಸಿ ಕೊಡುತ್ತೇನೆ." ಬಾಗಿಲಿನವರೆಗೆ ಹೋದವನು ನೆನಪಾಗಿ ತಿರುಗಿದ. ಹಾಳೆಯನ್ನು ಮತ್ತೆ ಮುಂದೆ ಹಿಡಿದ. "ಅಂದಹಾಗೆ, ಈ ಮೂವರಿಗೆ ಗಾಡಿ ಕಟ್ಟಿಸಲೇ?"

ಈ ಸಲ ಗುರುಗಳು ಹಾಳೆಯನ್ನು ಕೈಗೆ ತೆಗೆದುಕೊಂಡರು. ಮೂರೂ ಹೆಸರನ್ನು ನಿಧಾನವಾಗಿ ಓದಿದರು. ಮಡಚದೆ, ಹರಿಯದೆ, ಅವನ ಕೈಗೇ ಹಿಂದಿರುಗಿಸಿ ಹೇಳಿದರು:

"ಏಳು ವರ್ಷದವನಾಗಿ ನೀನು ಇಲ್ಲಿಗೆ ಬಂದ ಆ ಚಳಿಗಾಲವೆಲ್ಲ, ಅವ್ವಾ ಎಂದು ಅಳುತ್ತಿದ್ದ ನಿನ್ನನ್ನು ತನ್ನ ಕಂಬಳಿಯೊಳಗೆ ಎಳೆದುಕೊಂಡು ಬೆಳಗಿನವರೆಗೆ ಮಲಗಿಸುತ್ತಿದ್ದ ರಾಚಯ್ಯ, ನಿನ್ನ ಈ ಪಟ್ಟಿಯಲ್ಲಿ ಎಷ್ಟನೆಯವನು?"